ಸಂಗೀತಗಾರನ ಆಕರಗ್ರಂಥಗಳು: ಪಾರ್ಶ್ವದೇವನ ‘ಸಂಗೀತಸಮಯಸಾರ’ದಿಂದ ತುರುವೇಕೆರೆ ಸೀಮೆಯ ಕಡತದವರೆಗೆ

ಸಂಗೀತಶಾಸ್ತ್ರದ ಹಸ್ತಪ್ರತಿಗಳು ನಮ್ಮ ಭಂಡಾರಗಳಲ್ಲಿ ಕಡಮೆಯೇನಲ್ಲ. ಅವನ್ನು ಬಿಚ್ಚಿ ನೋಡುವವರು ಕಡಮೆ. ಹಾಡುವವರು ಓದುವುದಿಲ್ಲ, ಓದುವವರು ಹಾಡುವುದಿಲ್ಲ ಎಂಬ ಆಕ್ಷೇಪಣೆ ಹಳೆಯದು. ಅದರಲ್ಲಿರುವ ಸತ್ಯಾಂಶ ನನಗೆ ಮನವರಿಕೆಯಾದುದು ಕಳೆದ ವರ್ಷ, ತಿಪಟೂರು ಕಡೆಯ ತರುಣ ಸಂಗೀತ ಸಂಯೋಜಕರೊಬ್ಬರು ನನ್ನನ್ನು ಕಾಣಲು ಬಂದಾಗ. ನಾಟಕಗಳಿಗೆ, ಬಾನುಲಿ ರೂಪಕಗಳಿಗೆ, ಸಾಕ್ಷ್ಯಚಿತ್ರಗಳಿಗೆ ಸಂಗೀತ ಒದಗಿಸುವುದು ಅವರ ವೃತ್ತಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯನ್ನು ಕುರಿತ ನೃತ್ಯರೂಪಕವೊಂದಕ್ಕೆ ಸಂಗೀತ ಕೂಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಆ ಕಾಲದಲ್ಲಿ ಯಾವ ರಾಗಗಳಿದ್ದವು, ಯಾವ ವಾದ್ಯಗಳು ನುಡಿಯುತ್ತಿದ್ದವು, ಮದುವೆಯಲ್ಲಿ ಏನು ಹಾಡುತ್ತಿದ್ದರು, ಕೆಲಸ ಮಾಡುವಾಗ ಏನು ಹಾಡುತ್ತಿದ್ದರು ಎಂಬುದು ಅವರ ಪ್ರಶ್ನೆ. ನಾನು ಅಭ್ಯಾಸಬಲದಿಂದ ಗ್ರಂಥಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಅವರು ವಿನಯದಿಂದಲೇ ತಡೆದು, “ಪಂಡಿತರೇ, ಪಟ್ಟಿ ನನ್ನ ಬಳಿಯೂ ಇದೆ. ಯಾವ ಪುಸ್ತಕದಲ್ಲಿ ಯಾವ ಪುಟ ನೋಡಬೇಕು, ನೋಡಿದ್ದನ್ನು ಎಷ್ಟು ನಂಬಬೇಕು ಎಂಬುದು ಗೊತ್ತಿಲ್ಲ” ಎಂದರು. ಪ್ರಸ್ತುತ ಲೇಖನ ಆ ಮಾತಿಗೆ ನಾನು ತಡವಾಗಿ ಹೇಳುತ್ತಿರುವ ಉತ್ತರ.

ಶಾಂತಲೆ ಗೀತ, ವಾದ್ಯ, ನೃತ್ಯ ಮೂರರಲ್ಲಿಯೂ ಪರಿಣತಳಾಗಿದ್ದಳೆಂದು ಶಾಸನಗಳು ಕೊಂಡಾಡುತ್ತವೆ. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದ ಆಕೆ 1131ರಲ್ಲಿ ಶಿವಗಂಗೆಯಲ್ಲಿ ದೇಹತ್ಯಾಗ ಮಾಡಿದಳು. ಶಾಸನಗಳು ಆಕೆಯ ಪ್ರಾವೀಣ್ಯವನ್ನು ಹೇಳುತ್ತವೆಯೇ ಹೊರತು ಆಕೆ ಹಾಡಿದ್ದು ಏನು ಎಂಬುದನ್ನು ಹೇಳುವುದಿಲ್ಲ. ಪ್ರಶಂಸೆ ಅವುಗಳ ಧರ್ಮ, ಲಕ್ಷಣ ಹೇಳುವುದು ಅವುಗಳ ಕೆಲಸವಲ್ಲ. ಅದಕ್ಕೆ ಶಾಸ್ತ್ರಗ್ರಂಥಗಳನ್ನೇ ಮೊರೆಹೋಗಬೇಕು. ಅದೃಷ್ಟವಶಾತ್ ಶಾಂತಲೆಯ ಕೊನೆಯ ವರ್ಷಗಳಲ್ಲಿಯೇ, ಹೊಯ್ಸಳರು ಯಾರಿಗೆ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ಅರಮನೆಯಲ್ಲಿ, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ರಚಿತವಾಯಿತು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಕಾಲ ಸುಮಾರು 1130. ಅರಸನು ತಿಳಿದಿರಬೇಕಾದ ಸಮಸ್ತ ವಿಷಯಗಳ ಈ ವಿಶ್ವಕೋಶದಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದ ಎಂಬ ಪ್ರಕರಣಗಳಿವೆ.

ಸಂಯೋಜಕನಿಗೆ ಇದರಲ್ಲಿ ಮುಖ್ಯವಾದುದು ರಾಗಗಳ ಪಟ್ಟಿಯಲ್ಲ. ಯಾವ ಸಂದರ್ಭಕ್ಕೆ ಯಾವ ಗೀತಪ್ರಕಾರ ಎಂದು ಹೇಳುವ ಒಂದು ಭಾಗ ಇದರಲ್ಲಿದೆ. ಕಥೆ ಹೇಳುವಲ್ಲಿ ಷಟ್ಪದಿ, ಮದುವೆಯಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಜನರ ಬಾಯಲ್ಲಿ ಚರ್ಯಾ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಎಂದು ಸೋಮೇಶ್ವರನು ವಿವರಿಸುತ್ತಾನೆ. ಕಾಗದದ ಮೇಲೆ ಇದು ಒಣ ಪಟ್ಟಿಯಂತೆ ಕಂಡೀತು. ಆದರೆ ಒಬ್ಬ ಅರಸನು ಒನಕೆಯ ಹಾಡನ್ನು ಶಾಸ್ತ್ರಗ್ರಂಥದಲ್ಲಿ ದಾಖಲಿಸಿದನಲ್ಲ! ನಮ್ಮ ತರುಣರಿಗೆ ಈ ಭಾಗವನ್ನು ಅರ್ಥ ಹೇಳಿ ಓದಿದಾಗ ಅವರು ಬರೆದುಕೊಂಡದ್ದು ಇದೊಂದನ್ನೇ. ಮದುವೆಯ ದೃಶ್ಯಕ್ಕೆ ರಾಗ ಯಾವುದೆಂದು ಹುಡುಕುತ್ತಿದ್ದವರಿಗೆ, ಮೊದಲು ಹುಡುಕಬೇಕಾದುದು ಧವಳದ ಧಾಟಿ ಎಂಬುದು ಹೊಳೆಯಿತು. ಧವಳ ಎಂಬ ಹೆಸರೂ ಅದರ ಹಾಡಿಕೆಯೂ ನಮ್ಮ ಸಂಪ್ರದಾಯದಲ್ಲಿ ಬಹುಕಾಲ ನಡೆದುಬಂದವು. ಶೋಭಾನದ ಪದಗಳನ್ನು ಹಾಡುವ ಹಿರಿಯ ಹೆಂಗಸರು ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ.

ಛಂದಸ್ಸಿನ ಗ್ರಂಥಗಳನ್ನೂ ಸಂಗೀತಗಾರನ ಆಕರಗಳೆಂದೇ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಜಯಕೀರ್ತಿಯ ‘ಛಂದೋನುಶಾಸನ’ ಸಂಸ್ಕೃತದಲ್ಲಿದ್ದರೂ ಅದರ ಒಂದು ಅಧಿಕಾರ ಕನ್ನಡದ ಜಾತಿಗಳಿಗೇ ಮೀಸಲು. ನಾಗವರ್ಮನ ‘ಛಂದೋಂಬುಧಿ’ಯಲ್ಲಿ ತ್ರಿಪದಿ, ಏಳೆ, ಅಕ್ಕರಗಳ ಲಕ್ಷಣವಿದೆ. ಎರಡನೆಯ ನಾಗವರ್ಮ ‘ಕಾವ್ಯಾವಲೋಕನ’ದಲ್ಲಿ ಮೇಲ್ವಾಡು, ಪಾಡುಗಬ್ಬ, ಬಾಜನೆಗಬ್ಬಗಳೆಂಬ ಹಾಡುವ ಕಾವ್ಯಗಳನ್ನು ಹೆಸರಿಸಿ ವಿವರಿಸುತ್ತಾನೆ, ‘ಕವಿರಾಜಮಾರ್ಗ’ವು ಅದಕ್ಕೂ ಹಿಂದೆಯೇ ಚತ್ತಾಣ, ಬೆದಂಡೆಗಳನ್ನು ಹೇಳಿದೆ. ಇವುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದುತ್ತಾರೆ. ತ್ರಿಪದಿಯ ಮೂರನೆಯ ಸಾಲಿನಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಂಶಗಣ ಹೇಳುತ್ತದೆಯೆಂದು ಹಾಡುವವರಿಗೆ ಯಾರೂ ತಿಳಿಸಿಲ್ಲ.

ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ (1210–1247) ರಚಿತವಾದ ಶಾರ್ಙ್ಗದೇವನ ‘ಸಂಗೀತರತ್ನಾಕರ’ವನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಪ್ರಕೀರ್ಣಕಾಧ್ಯಾಯದಲ್ಲಿ ಅವನು ವಾಗ್ಗೇಯಕಾರನ ಲಕ್ಷಣವನ್ನು ಹೇಳುತ್ತಾನೆ. ಮಾತು ಎಂದರೆ ಸಾಹಿತ್ಯ, ಧಾತು ಎಂದರೆ ಸ್ವರದ ಕಟ್ಟು. ಎರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಅವನಿಗೆ ಬೇಕಾದ ಗುಣಗಳಲ್ಲಿ ಮೊದಲು ಬರುವುದು ಕಂಠಮಾಧುರ್ಯವಲ್ಲ. ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ, ರಸಭಾವಗಳ ಜ್ಞಾನ, ದೇಶದ ಸ್ಥಿತಿಗತಿಗಳ ಅರಿವು, ಅನೇಕ ಭಾಷೆಗಳ ಪರಿಚಯ. ಒಬ್ಬ ಸಂಯೋಜಕನ ಮೇಜಿನ ಮೇಲೆ ನಿಘಂಟು ಇರಬೇಕೆಂದು 13ನೆಯ ಶತಮಾನದಲ್ಲಿಯೇ ವಿಧಿಸಿದಂತಾಯಿತು. ಮತ್ತೊಬ್ಬರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನನ್ನು ‘ಕುಟ್ಟಿಕಾರ’ ಎಂದು ಬೇರೆ ಹೆಸರಿನಿಂದಲೇ ಕರೆಯುತ್ತಾನೆ. ನಾಟಕ ಕಂಪನಿಗಳ ಹಾಡಿನ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗುತ್ತಿದ್ದುದನ್ನು ಬಲ್ಲವರಿಗೆ ಕುಟ್ಟಿಕಾರ ಯಾರೆಂದು ವಿವರಿಸಬೇಕಾಗಿಲ್ಲ. ಅದೂ ಒಂದು ಬಗೆಯ ಆಕರವೇ: ಮಟ್ಟಿನ ಹೆಸರು ಉಳಿದು ಮೂಲದ ಹಾಡು ಕಳೆದುಹೋದರೆ ಮಾತ್ರ ಅದು ಬೀಗವಿಲ್ಲದ ಕೀಲಿಕೈ.

ಇಲ್ಲಿಗೆ ಪಾರ್ಶ್ವದೇವನ ಪ್ರಸ್ತಾಪ ಬರಬೇಕು. ‘ಸಂಗೀತಸಮಯಸಾರ’ದ ಕರ್ತೃವಾದ ಈತನು ದಿಗಂಬರ ಜೈನ. ಆದಿದೇವ, ಗೌರಿ ಇವರ ಮಗ. ಅಭಯಚಂದ್ರ ಮುನಿಯ ಶಿಷ್ಯನಾದ ಮಹಾದೇವಾರ್ಯನ ಶಿಷ್ಯ. ಭೋಜ, ಸೋಮೇಶ್ವರ, ಪರಮರ್ದಿ ಇವರನ್ನು ಹೆಸರಿಸುವುದರಿಂದ ಅವರಿಗಿಂತ ಈಚಿನವನು. ರತ್ನಾಕರದ ವ್ಯಾಖ್ಯಾನಕಾರ ಸಿಂಹಭೂಪಾಲನು ಈತನನ್ನು ಸ್ಮರಿಸುವುದರಿಂದ ಅವನಿಗಿಂತ ಹಿಂದಿನವನು. 12ನೆಯ ಶತಮಾನದ ಕೊನೆ ಅಥವಾ 13ನೆಯ ಶತಮಾನ ಎಂದರೆ ತಪ್ಪಾಗಲಾರದು. ಗ್ರಂಥವು 1925ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ. ಗಣಪತಿ ಶಾಸ್ತ್ರಿಗಳ ಸಂಪಾದಕತ್ವದಲ್ಲಿಯೂ, 1977ರಲ್ಲಿ ಆಚಾರ್ಯ ಬೃಹಸ್ಪತಿಯವರ ಸಂಪಾದಕತ್ವದಲ್ಲಿ ದೆಹಲಿಯ ಕುಂದಕುಂದ ಭಾರತಿಯಿಂದಲೂ ಪ್ರಕಟವಾಯಿತು.

ಅಧಿಕರಣಗಳ ಕೊನೆಯ ಪುಷ್ಪಿಕೆಯಲ್ಲಿ ಬರುವ ಬಿರುದುಗಳು ಗಮನಾರ್ಹ. ‘ಸಮ್ಯಕ್ತ್ವಚೂಡಾಮಣಿ’ ಎಂಬುದು ಅವನ ಧರ್ಮವನ್ನು ಸೂಚಿಸುತ್ತದೆ. ‘ಶ್ರುತಿಜ್ಞಾನಚಕ್ರವರ್ತಿ’ ಎಂಬಲ್ಲಿ ಶ್ರುತಿ ಸಂಗೀತದ ಶ್ರುತಿಯೇ ಆದರೂ, ಮತಿಜ್ಞಾನ ಶ್ರುತಜ್ಞಾನಗಳ ವಿಭಾಗವನ್ನು ಬಾಲ್ಯದಿಂದ ಬಾಯಿಪಾಠ ಮಾಡಿದ ಕಿವಿಗೆ ಆ ಧ್ವನಿ ಕೇಳಿಸದೆ ಇರದು. ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ಬಿರುದುಗಳು ಇನ್ನೆರಡು. ಒಂದು ‘ಸಂಗೀತಾಕರ’, ಸಂಗೀತದ ಗಣಿ. ಆಕರಗ್ರಂಥ ಎಂದು ನಾವು ಇಂದು ಯಾವ ಅರ್ಥದಲ್ಲಿ ಹೇಳುತ್ತೇವೆಯೋ ಅದೇ ಆಕರ. ಇನ್ನೊಂದು ‘ಭರತಭಾಂಡೀಕಭಾಷಾಪ್ರವೀಣ’. ಭಾಂಡೀಕ ಭಾಷೆಯೆಂದರೆ ಹಾಡುವವರೂ ಬಾರಿಸುವವರೂ ತಮ್ಮತಮ್ಮಲ್ಲಿ ಆಡಿಕೊಳ್ಳುವ ವೃತ್ತಿಭಾಷೆ. ಅದರಲ್ಲಿ ಪ್ರವೀಣನೆನಿಸಿಕೊಳ್ಳುವುದನ್ನು ಈ ಪಂಡಿತನು ಬಿರುದಾಗಿ ಹೊತ್ತುಕೊಂಡ. ಗ್ರಂಥನಾಮದ ‘ಸಮಯ’ವೂ ಅದನ್ನೇ ಹೇಳುತ್ತದೆ: ಸಮಯವೆಂದರೆ ವೃತ್ತಿಯವರಲ್ಲಿ ನಿಂತ ಸಂಕೇತ, ರೂಢಿ. ಮಾರ್ಗಸಂಗೀತದ ಹಳೆಯ ಸೂತ್ರಗಳನ್ನು ಮರಳಿ ಹೇಳುವುದಕ್ಕಿಂತ ದೇಶೀ ಸಂಗೀತದಲ್ಲಿ ಜನ ನಿಜವಾಗಿ ಬಳಸುತ್ತಿದ್ದ ಮಾತುಗಳನ್ನು ಹಿಡಿದಿಡುವುದರಲ್ಲಿ ಅವನಿಗೆ ಆಸಕ್ತಿ.

ಅಂಥ ಮಾತುಗಳಲ್ಲಿ ‘ಠಾಯ’ ಒಂದು. ರಾಗದ ಒಂದು ಅವಯವವನ್ನು, ಸಣ್ಣದೊಂದು ಸ್ವರಸಂಚಾರದ ಘಟಕವನ್ನು ಹಾಡುವವರು ಠಾಯವೆನ್ನುತ್ತಿದ್ದರು. ಶಾರ್ಙ್ಗದೇವನು ಇದನ್ನು ‘ಸ್ಥಾಯ’ ಎಂದು ಸಂಸ್ಕೃತದ ಉಡುಪಿನಲ್ಲಿ ಕೊಟ್ಟು ತೊಂಬತ್ತಾರು ಬಗೆಗಳನ್ನು ಹೇಳುತ್ತಾನೆ. ನಾಲ್ಕು ಶತಮಾನಗಳ ಅನಂತರ, 17ನೆಯ ಶತಮಾನದ ತಂಜಾವೂರಿನಲ್ಲಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಗೀತ, ಪ್ರಬಂಧ, ಆಲಾಪಗಳ ಜೊತೆಗೆ ಠಾಯವನ್ನೇ ಒಂದು ದಂಡಿಯಾಗಿ ಹೇಳುತ್ತಾನೆ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಸ್ವರಸಹಿತವಾದ ಗೀತ, ಸೂಳಾದಿ, ಠಾಯಗಳ ಹಸ್ತಪ್ರತಿಗಳಿವೆ. ಶಾಸ್ತ್ರಕಾರರು ಬಟ್ಟೆ ತೊಡಿಸಿದರೂ ಹಾಡುವವರ ಬಾಯಲ್ಲಿ ಮಾತು ಬತ್ತಲೆಯಾಗಿಯೇ ಬದುಕಿತ್ತು ಎನ್ನಬೇಕು.

ಲಿಪಿಕಾರನ ಕೈಯಲ್ಲಿ ಈ ಮಾತಿಗೆ ಒದಗುವ ಗತಿಯೇ ಬೇರೆ. ಠಾಯವನ್ನು ಅರಿಯದವನು ಅದನ್ನು ತಪ್ಪೆಂದು ಬಗೆದು ‘ಸ್ಥಾಯಿ’ ಎಂದು ತಿದ್ದುತ್ತಾನೆ. ಸ್ಥಾಯಿ ಎಂದರೆ ಮಂದ್ರ–ಮಧ್ಯ–ತಾರಗಳ ನೆಲೆ, ಅಲಂಕಾರಶಾಸ್ತ್ರದಲ್ಲಿ ಸ್ಥಾಯಿಭಾವ, ವರ್ಣಗಳಲ್ಲಿ ಸ್ಥಾಯಿವರ್ಣ. ತಿದ್ದುಪಡಿಯಾದ ವಾಕ್ಯ ವ್ಯಾಕರಣದಲ್ಲಿ ಸರಿಯಾಗಿಯೇ ಓದಿಸಿಕೊಳ್ಳುತ್ತದೆ, ಅರ್ಥ ಮಾತ್ರ ಹೋಗಿರುತ್ತದೆ. ವಿದ್ಯಾವಂತ ಲಿಪಿಕಾರನಿಂದ ಆಗುವ ಇಂಥ ಹಾನಿಯ ಮುಂದೆ ಅಕ್ಷರವನ್ನಷ್ಟೇ ನೋಡಿ ಬರೆಯುವ ಅಲ್ಪವಿದ್ಯನ ಸ್ಖಾಲಿತ್ಯಗಳು ಕ್ಷಮಾರ್ಹ. ಆದ್ದರಿಂದ ಸಂಗೀತದ ಹಸ್ತಪ್ರತಿಗಳನ್ನು ಸಂಪಾದಿಸುವವರು ಅರ್ಥವಾಗದ ದೇಶ್ಯಪದವನ್ನು ಕಂಡಾಗ ಕೈ ತಡೆದು, ಮೂಲದಲ್ಲಿ ಇದ್ದಂತೆ ಉಳಿಸಿ, ಊಹೆಯನ್ನು ಅಡಿಯಲ್ಲಿ ಬರೆಯುವುದು ಲೇಸು.

ಸೂಚೀಕರಣದಲ್ಲಿಯೂ ಒಂದು ಅಪಾಯವಿದೆ. ನಮ್ಮ ಭಂಡಾರಗಳಲ್ಲಿ ‘ಸಮಯಸಾರ’ ಎಂಬ ಹೆಸರು ಕಂಡೊಡನೆ ಕುಂದಕುಂದಾಚಾರ್ಯರ ಪ್ರಾಕೃತ ಗ್ರಂಥವೆಂದು ತೀರ್ಮಾನಿಸಿ ದ್ರವ್ಯಾನುಯೋಗದ ಕಪಾಟಿಗೆ ಸೇರಿಸುವುದು ಸಹಜ. ಕಟ್ಟಿನ ಮೇಲಿನ ಹಲಗೆಯಲ್ಲಿ ಹೆಸರು ಮೊಟಕಾಗಿದ್ದರೆ, ಮೊದಲ ಗರಿ ಮುರಿದಿದ್ದರೆ, ಸಂಗೀತದ ಸಮಯಸಾರವೂ ಅಲ್ಲಿಯೇ ಹೋಗಿ ಕುಳಿತಿರಬಹುದು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ ಮೊದಲಾದ ಭಂಡಾರಗಳ ಓಲೆಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಸಮೀಕ್ಷೆಗಳು ವಿಸ್ತಾರವಾಗಿ ನಡೆದವು. ಇಷ್ಟಾದರೂ ಹೆಸರು ನೋಡಿ ವರ್ಗೀಕರಿಸಿದ ಕಟ್ಟುಗಳನ್ನು ಒಮ್ಮೆ ಒಳಗೆ ನೋಡಿ ದೃಢಪಡಿಸಿಕೊಳ್ಳುವ ಕೆಲಸ ಎಲ್ಲೆಡೆಯೂ ಬಾಕಿ ಉಳಿದಿದೆ.

ರಾಗದ ಹೆಸರುಗಳ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ಐತಿಹಾಸಿಕ ರೂಪಕವೊಂದಕ್ಕೆ ಸಲಹೆ ಕೇಳಿದವರಿಗೆ, ತೋಡಿ ರತ್ನಾಕರದಲ್ಲಿಯೇ ಇದೆ, ಧಾರಾಳವಾಗಿ ಬಳಸಬಹುದು ಎಂದುಬಿಟ್ಟೆ. ಅವರು ಇಂದಿನ ತೋಡಿಯನ್ನೇ ಬಳಸಿದರು. ಕೇಳಿದ ಹಿರಿಯ ವೈಣಿಕರೊಬ್ಬರು ನನಗೆ ಪತ್ರ ಬರೆದು, ಯಾವ ತೋಡಿ ಎಂದು ಒಂದೇ ಸಾಲಿನಲ್ಲಿ ಕೇಳಿದ್ದರು. ಉತ್ತರ ನನ್ನಲ್ಲಿರಲಿಲ್ಲ. ಇಂದು ಕೂಡ ಕರ್ನಾಟಕ ಸಂಗೀತದ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಸಮೀಪ. ಹಿಂದೂಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಗೆ ಸಮೀಪ. ಒಂದೇ ಕಾಲದಲ್ಲಿ, ಒಂದೇ ನಾಡಿನಲ್ಲಿ, ಒಂದು ಹೆಸರು ಎರಡು ರಾಗಗಳನ್ನು ಸೂಚಿಸುತ್ತಿರುವಾಗ ಎಂಟು ಶತಮಾನಗಳ ಅಂತರದಲ್ಲಿ ಹೆಸರನ್ನು ನಂಬುವುದೆಂತು? ಶುದ್ಧಸ್ವರಗಳ ಕಲ್ಪನೆಯೇ ಬದಲಾಗಿದೆ. ರಾಮಾಮಾತ್ಯನು 1550ರ ‘ಸ್ವರಮೇಳಕಲಾನಿಧಿ’ಯಲ್ಲಿ ಶುದ್ಧಸ್ವರಗಳ ಮೇಳವನ್ನು ಮುಖಾರಿ ಎನ್ನುತ್ತಾನೆ, ಶಾರ್ಙ್ಗದೇವನ ಶುದ್ಧಸ್ವರಗಳನ್ನು ಅದರ ಮೇಲಿಟ್ಟು ನೋಡಿದರೆ ಎರಡೂ ಹೊಂದುವುದಿಲ್ಲ. ಎಪ್ಪತ್ತೆರಡು ಮೇಳಗಳ ಚೌಕಟ್ಟು ವೆಂಕಟಮಖಿಯದು. ಹೊಯ್ಸಳರ ಕಾಲದ ಗೀತವನ್ನು ಮೇಳಕರ್ತದ ಕೋಷ್ಟಕದಲ್ಲಿ ಹುಡುಕುವುದೆಂದರೆ ಮೊಮ್ಮಗನ ಜಾತಕದಲ್ಲಿ ಅಜ್ಜನ ಗ್ರಹಗತಿ ನೋಡಿದಂತೆ. ಈಗಿನ ರಾಗಗಳ ಮಟ್ಟಿಗಾದರೆ ಬಿ. ಸುಬ್ಬರಾಯರ ‘ರಾಗನಿಧಿ’ಯ ನಾಲ್ಕು ಸಂಪುಟಗಳು ಎರಡೂ ಪದ್ಧತಿಗಳ ರಾಗಗಳನ್ನು ಎದುರುಬದುರಾಗಿ ಇರಿಸುತ್ತವೆ, ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ (1904) ಲಕ್ಷಣಕ್ಕೂ ಲಕ್ಷ್ಯಕ್ಕೂ ಆಧಾರ. ಅವೆರಡ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ತುಮಕೂರು ಸೀಮೆಗೆ ಸಂಗೀತಶಾಸ್ತ್ರದಲ್ಲಿ ತನ್ನದೇ ಆದ ಎರಡು ಹೆಸರುಗಳಿವೆ ಎಂಬುದನ್ನು ಸೀಮೆಯವರೇ ಮರೆತಂತಿದೆ. ಶಾಂತಲೆ ದೇಹ ಬಿಟ್ಟ ಅದೇ ಶಿವಗಂಗೆಯ ಬೆಟ್ಟದ ಬಳಿಯ ಸಾತನೂರು ಪುಂಡರೀಕ ವಿಠಲನ ಊರು. 16ನೆಯ ಶತಮಾನದಲ್ಲಿ ಇವನು ಇಲ್ಲಿಂದ ಹೊರಟು ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ಬರೆದು, ಮುಂದೆ ಕಛವಾಹ ಅರಸರ ಮೂಲಕ ಅಕ್ಬರನ ವಲಯವನ್ನು ಸೇರಿದನು. 1576ರ ‘ರಾಗಮಾಲಾ’, ಪಾರಸೀಕ ರಾಗಗಳಿಗೆ ದೇಶೀಯ ಸಮಾನಗಳನ್ನು ಸೂಚಿಸುವ ‘ರಾಗಮಂಜರಿ’, ನೃತ್ಯಕ್ಕೆ ಸಂಬಂಧಿಸಿದ ‘ನರ್ತನನಿರ್ಣಯ’ ಇವನವೇ. ಎರಡು ಸಂಗೀತಪದ್ಧತಿಗಳ ನಡುವೆ ಸೇತುವೆ ಕಟ್ಟಲು ಹೊರಟ ಮೊದಲಿಗರಲ್ಲಿ ಒಬ್ಬನು ಈ ಬೆಟ್ಟದ ತಪ್ಪಲಿನವನು.

ಇನ್ನೊಬ್ಬನು ಊರು ಬಿಡದವನು. ಮದ್ದಗಿರಿ, ಎಂದರೆ ಇಂದಿನ ಮಧುಗಿರಿಯ, ನಾಡಪ್ರಭು ಮುಮ್ಮಡಿ ಚಿಕ್ಕಭೂಪಾಲ. 17ನೆಯ ಶತಮಾನದಲ್ಲಿ ಈತನ ಹೆಸರಿನಲ್ಲಿ ‘ಅಭಿನವಭರತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ವಿದ್ವಾನ್ ರಾ. ಸತ್ಯನಾರಾಯಣರು ಇದನ್ನು ಸಂಪಾದಿಸಿ 1960ರಲ್ಲಿ ಬೆಳಕಿಗೆ ತಂದರು. ಪುಂಡರೀಕನ ಕೃತಿಗಳೂ ಅವರಿಂದಲೇ ಶುದ್ಧಪಾಠವನ್ನು ಕಂಡವು. 2020ರಲ್ಲಿ ತೀರಿಕೊಂಡ ಅವರಿಗೆ ಈ ಸೀಮೆ ಸಲ್ಲಿಸಬೇಕಾದ ಋಣ ಸಣ್ಣದಲ್ಲ. ‘ಸಂಗ್ರಹ’ವೆಂಬ ಹೆಸರಿನಿಂದಲೇ ಚಿಕ್ಕಭೂಪಾಲನ ಗ್ರಂಥವನ್ನು ಹಗುರವಾಗಿ ಕಂಡವರಿದ್ದಾರೆ: ಸ್ವಂತ ಮಾತಿಲ್ಲ, ಹಳೆಯ ಗ್ರಂಥಗಳನ್ನು ಕಲೆಹಾಕಿದ್ದಾನೆ ಎಂದು. ಈ ಮಾತನ್ನು ನಾನು ಒಪ್ಪಲಾರೆ. ಚೆದುರಿಹೋಗಿದ್ದ ಗ್ರಂಥಗಳನ್ನು ತರಿಸಿ, ಓದಿಸಿ, ಬೇಕಾದುದನ್ನು ಆಯ್ದು ಒಂದೆಡೆ ಇಡುವುದು, ಎಲ್ಲ ಹಸ್ತಪ್ರತಿಗಳನ್ನೂ ಕೊಳ್ಳಲಾರದ, ಓದಲಾರದ ಸಂಗೀತಗಾರನಿಗೆ ಮಾಡಿದ ಉಪಕಾರ. ಕನ್ನಡದಲ್ಲಿ 15ನೆಯ ಶತಮಾನದ ನಿಜಗುಣ ಶಿವಯೋಗಿ ‘ವಿವೇಕಚಿಂತಾಮಣಿ’ಯಲ್ಲಿ ರಾಗ, ತಾಳ, ವಾದ್ಯಗಳ ವಿಷಯವನ್ನು ತಿಳಿಗನ್ನಡದ ಗದ್ಯದಲ್ಲಿ ಸೇರಿಸಿದ್ದೂ ಇದೇ ಬಗೆಯ ಉಪಕಾರ. ನಮ್ಮ ತರುಣ ಸಂಯೋಜಕರಿಗೆ ಸಂಸ್ಕೃತ ಬಾರದು. ಅವರಿಗೆ ನಾನು ಮೊದಲು ಕೊಟ್ಟ ಪುಸ್ತಕ ನಿಜಗುಣರದು, ಕಾಲದ ಎಚ್ಚರಿಕೆಯೊಂದಿಗೆ. ಮದ್ದಗಿರಿಯ ಪ್ರಭುತ್ವ 1678ರಲ್ಲಿ ಮೈಸೂರಿನ ಚಿಕ್ಕದೇವರಾಜನ ಕೈಸೇರಿತು.

ವಾದ್ಯಗಳ ಪ್ರಶ್ನೆಗೆ ಗ್ರಂಥಕ್ಕಿಂತ ಕಲ್ಲು ಹೆಚ್ಚು ಉಪಕಾರಿ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯ 9ನೆಯ ಶತಮಾನದ್ದು. ಅಲ್ಲಿನ ಭುವನೇಶ್ವರಿಯ ನಡುವೆ ನರ್ತಿಸುವ ಶಿವ, ಜೊತೆಗೆ ವಾದ್ಯಗಾರರು, ಸುತ್ತ ಅಷ್ಟದಿಕ್ಪಾಲಕರು. ಕತ್ತೆತ್ತಿ ಸಾವಧಾನವಾಗಿ ನೋಡಿದರೆ ವಾದ್ಯವನ್ನು ಹಿಡಿದ ಬಗೆ, ಕೈಯ ನೆಲೆ ಸ್ಪಷ್ಟವಾಗಿ ಕಾಣುತ್ತವೆ. ಅದೇ ಊರಿನ ಚನ್ನಕೇಶವ ದೇವಾಲಯ, ತುರುವೇಕೆರೆಯ ಚನ್ನಿಗರಾಯ (1263), ವಿಘ್ನಸಂತೆಯ ಲಕ್ಷ್ಮೀನರಸಿಂಹ (1286), ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ (1246), ಇವು ಹೊಯ್ಸಳರ ಕಾಲದವು. ಶಾಂತಲೆಯ ರೂಪಕಕ್ಕೆ ಇವೂ ಒಂದು ಶತಮಾನ ಈಚಿನವು ಎಂಬುದನ್ನು ನೆನಪಿಡಬೇಕು. ಅರಳಗುಪ್ಪೆಯ ಛತ್ತು ಎರಡು ಶತಮಾನಕ್ಕೂ ಹಿಂದಿನದು. ಆದರೆ ಹಾರ್ಮೋನಿಯಂ, ಪಿಟೀಲುಗಳು 18–19ನೆಯ ಶತಮಾನಗಳಿಂದ ಈಚೆಗೆ ಬಂದವು, ಇಪ್ಪತ್ತನಾಲ್ಕು ಮೆಟ್ಟಿಲ ವೀಣೆ 17ನೆಯ ಶತಮಾನದ ತಂಜಾವೂರಿನದು ಎಂಬುದನ್ನು ಬಲ್ಲವರೂ ಶಾಂತಲೆಯ ಮುಂದೆ ತಂಬೂರಿಯನ್ನು ತಂದು ನಿಲ್ಲಿಸುತ್ತಾರೆ. ಗಣಕದಲ್ಲಿ ಸಿದ್ಧವಾಗಿ ದೊರೆಯುವ ವಾದ್ಯಧ್ವನಿಗಳಿಗೆ ಕಾಲವೂ ಇಲ್ಲ, ದೇಶವೂ ಇಲ್ಲ. ರತ್ನಾಕರವು ಲಘ್ವೀ, ಬೃಹತೀ ಎಂದು ವಿವರಿಸುವ ಕಿನ್ನರಿಯನ್ನು ಬೇಕೆಂದರೆ ಕಿನ್ನರಿಜೋಗಿಗಳ ಹಾಡಿಕೆಯಲ್ಲಿ ಕೇಳಬಹುದು. ಶಾಸ್ತ್ರದಲ್ಲಿ ಅಳತೆ, ಕಲ್ಲಿನಲ್ಲಿ ಆಕಾರ, ಜೋಗಿಯ ಕೈಯಲ್ಲಿ ನಾದ.

ಈ ತರುಣರು ಹೊರಡುವಾಗ ತಮ್ಮ ನೆಂಟರ ಮನೆಯಲ್ಲಿ ಹಳೆಯ ಹಾಡಿನ ಬರವಣಿಗೆ ಇದೆಯೆಂದು ಹೇಳಿದರು. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆತನದಲ್ಲಿ ಹಿಂದೆ ಮೂಡಲಪಾಯ ಯಕ್ಷಗಾನದ ಭಾಗವತರಿದ್ದರಂತೆ. ಜೀ. ಶಂ. ಪರಮಶಿವಯ್ಯನವರು ಮೂಡಲಪಾಯವನ್ನು ವಿದ್ವಾಂಸರ ಗಮನಕ್ಕೆ ತರುವ ಮುನ್ನ ಬಯಲುಸೀಮೆಯ ಈ ಆಟವನ್ನು ಶಾಸ್ತ್ರಜ್ಞರು ಕಣ್ಣೆತ್ತಿಯೂ ನೋಡಿರಲಿಲ್ಲ. ನಾನೂ ಅವರೊಡನೆ ಹೋದೆ.

ಓಲೆಯ ಕಟ್ಟು ಸಿಕ್ಕೀತೆಂದು ನಿರೀಕ್ಷಿಸಿದ್ದೆ. ತೆಂಗಿನ ಸೀಮೆಯಲ್ಲಿ ಓಲೆಗೇನು ಬರವೆಂದು ಕೇಳುವವರುಂಟು. ತೆಂಗಿನ ಗರಿ ಬರೆಯಲು ಬಾರದು. ಅದು ಕಿರಿದು, ಒಣಗಿದರೆ ಸೀಳುತ್ತದೆ, ಕಂಠದ ಮೊನೆ ತಾಳದು. ನಮ್ಮ ಓಲೆಗಳು ಶ್ರೀತಾಳೆಯವು ಅಥವಾ ತಾಳೆಯವು. ಬಯಲುಸೀಮೆಯಲ್ಲಿ ಬರವಣಿಗೆಗೆ ಹೆಚ್ಚು ಬಳಕೆಯಾಗುತ್ತಿದ್ದುದು ಕಡತ: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕ. ಹೊಯ್ಸಳ ಶಿಲ್ಪಿಗಳು ಕೆತ್ತಿದ್ದೂ ಬಳಪದ ಕಲ್ಲೇ. ಕಡತಕ್ಕೆ ಒಂದು ಗುಣ, ಅದೇ ಅದರ ದೋಷ: ಒರಸಿ ಮತ್ತೆ ಬರೆಯಬಹುದು.

ಅಲ್ಲಿ ಅಟ್ಟದ ಮೇಲೆ, ವರ್ಷ ಹತ್ತಿರ ಒಣಗಿ ಉಂಡೆಕೊಬ್ಬರಿಯಾಗಲು ಹರಡಿದ್ದ ಕಾಯಿಗಳ ಹಿಂದೆ, ಇದ್ದುದು ಎರಡು ಕಡತ ಮತ್ತು ಒಂದು ಕಾಗದದ ಪುಸ್ತಕ. “ನಮ್ಮ ತಾತನ ಕೈಬರಹ ಕಣ್ರೀ. ಆಯುಧಪೂಜೇಲಿ ಕುಂಕುಮ ಇಡ್ತೀವಿ, ಬಿಚ್ಚೋದಿಲ್ಲ” ಎಂದರು ಮನೆಯ ಹಿರಿಯರು. ಮೊದಲ ಕಡತದಲ್ಲಿ ಆರು ಮಡಿಕೆಗಳಷ್ಟು ಪ್ರಸಂಗದ ಪದಗಳು, ಮಿಕ್ಕುದೆಲ್ಲ ಕಾಯಿ ಲೆಕ್ಕ. ಪದಗಳನ್ನು ಒರಸಿ ಅದರ ಮೇಲೆಯೇ ಲೆಕ್ಕ ಬರೆದಿದ್ದಾರೆ. ಓರೆ ಬೆಳಕಿನಲ್ಲಿ ಹಿಡಿದರೆ ಸಾವಿರದ ಲೆಕ್ಕದ ಕೆಳಗೆ ‘ರಾಗ’ ಎಂಬ ಅಕ್ಷರಗಳು ಅಲ್ಲಲ್ಲಿ ಮೂಡುತ್ತವೆ. ಬರಗಾಲದಲ್ಲಿ ಹೊಸ ಕಡತ ಮಾಡಿಸಲು ಬಟ್ಟೆಯಿಲ್ಲದವರನ್ನು ನಾವು ಇಲ್ಲಿ ಕುಳಿತು ದೂರುವುದು ಸುಲಭ.

ಉಳಿದ ಪದಗಳ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರಿದೆ: ಕಾಂಬೋದಿ, ಸವರಾಷ್ಟ, ಜಂಪೆ, ಅಟ್ಟ. ಎರಡು ಕಡೆ ಪದದ ಕೆಳಗೆ ಸ್ವರಗಳನ್ನೂ ಬರೆದಿದ್ದಾರೆ. ಇಲ್ಲಿ ಓದುಗರ ಗಮನಕ್ಕೆ ಒಂದು ಸಂಗತಿಯನ್ನು ತರಬೇಕು. ಸ್ವರಲಿಪಿಯಲ್ಲಿ ಹ್ರಸ್ವಕ್ಕೆ ಒಂದು ಕಾಲ, ದೀರ್ಘಕ್ಕೆ ಎರಡು. ‘ರಿ’ ಮತ್ತು ‘ರೀ’ ಬೇರೆ ಬೇರೆ ಅವಧಿಗಳು. ನಮ್ಮ ಹಳೆಯ ಬರವಣಿಗೆಯಲ್ಲಾದರೋ ಇಕಾರ ಎಕಾರಗಳ ದೀರ್ಘವನ್ನು ಗುರುತಿಸುವ ರೂಢಿ ಸಡಿಲ. ಓದುವವನು ಅರ್ಥದಿಂದ ತಿಳಿದುಕೊಳ್ಳುತ್ತಾನೆ. ಸ್ವರಕ್ಕೆ ಅರ್ಥವಿಲ್ಲ. ಕಾವ್ಯದಲ್ಲಿ ಒಂದು ದೀರ್ಘ ಬಿಟ್ಟುಹೋದರೆ ಛಂದಸ್ಸು ಎಚ್ಚರಿಸುತ್ತದೆ. ಸ್ವರಲಿಪಿಯಲ್ಲಿ ಬಿಟ್ಟುಹೋದರೆ ತಾಳವೇ ಮುರಿಯುತ್ತದೆ, ಸ್ಥಾಯಿಯ ಚುಕ್ಕೆಗಳಂತೂ ಇಲ್ಲವೇ ಇಲ್ಲ. ಈ ಎರಡು ಪದಗಳಲ್ಲಿ ‘ಸಾ’ ‘ಮಾ’ ‘ಪಾ’ಗಳಿಗೆ ದೀರ್ಘವಿದೆ, ರಿಷಭ ನಿಷಾದಗಳಿಗೆ ಒಮ್ಮೆಯೂ ಇಲ್ಲ. ಹಾಡು ಹಾಗಿದ್ದಿತೋ ಬರವಣಿಗೆ ಹಾಗಿದ್ದಿತೋ ಎಂದು ನಾನು ತಲೆ ಕೆಡಿಸಿಕೊಂಡು ಕುಳಿತಿರುವಾಗ ತರುಣರು ಜಂಪೆಯ ಹತ್ತು ಅಕ್ಷರಗಳನ್ನು ಕೈಯಲ್ಲಿ ಹಾಕುತ್ತ, ಎಲ್ಲೆಲ್ಲಿ ಅಕ್ಷರ ಕೊರತೆ ಬೀಳುತ್ತದೆಯೋ ಅಲ್ಲೆಲ್ಲ ರಿಷಭ ಅಥವಾ ನಿಷಾದ ಇದೆಯೆಂದು ತೋರಿಸಿದರು. ದೀರ್ಘವನ್ನು ಕೂಡಿಸಿದರೆ ಆವರ್ತ ತುಂಬುತ್ತದೆ. ಪಾಠನಿರ್ಣಯದಲ್ಲಿ ಮೂವತ್ತು ವರ್ಷ ಕಳೆದ ನನಗೆ ಅದು ಹೊಳೆದಿರಲಿಲ್ಲ.

ಸವರಾಷ್ಟದ ಪದವನ್ನು ಮನೆಯ ಹಿರಿಯರೇ ಹಾಡಿದರು. ಎಂಬತ್ತು ದಾಟಿದ ಕಂಠ. ಮುಖವೀಣೆಯ ಶ್ರುತಿ ಇಲ್ಲದಿದ್ದರೂ ಮೇಲಿನ ಷಡ್ಜಕ್ಕೆ ಏರಿತು. ರತ್ನಾಕರವು ಧ್ವನಿಗಳನ್ನು ಖಾಹುಲ, ನಾರಾಟ, ಬೊಂಬಕ, ಮಿಶ್ರ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇದು ಗಂಭೀರವಾದ ನಾರಾಟವೆಂದು ನನಗೆ ತೋರಿತು. ಹಾಡಿದ್ದು ಸಂಗೀತ ಕಚೇರಿಗಳ ಸೌರಾಷ್ಟ್ರವಾಗಿರಲಿಲ್ಲ. ತರುಣರು ಒಂದೆರಡು ಕಡೆ ಅದನ್ನು ‘ಸರಿಪಡಿಸಿ’ ಹಾಡಿ ತೋರಿಸಿದಾಗ ಹಿರಿಯರು ತಲೆಯಲ್ಲಾಡಿಸಿ, “ಅದು ನಿಮ್ದು, ಇದು ನಮ್ದು” ಎಂದರು. ಠಾಯವನ್ನು ಸ್ಥಾಯಿಯೆಂದು ತಿದ್ದಿದ ಲಿಪಿಕಾರನ ನೆನಪು ನನಗೆ ಬಂದಿತು. ತರುಣರಿಗೂ ಏನೋ ನಾಟಿರಬೇಕು, ಮುಂದೆ ತಿದ್ದಲಿಲ್ಲ; ಮೊಬೈಲಿನಲ್ಲಿ ಇದ್ದಂತೆಯೇ ಧ್ವನಿಮುದ್ರಿಸಿಕೊಂಡರು. ರೂಪಕದಲ್ಲಿ ಸೇವಕಿಯರು ಭತ್ತ ಕುಟ್ಟುವ ದೃಶ್ಯಕ್ಕೆ ತ್ರಿಪದಿಯನ್ನೂ, ಮದುವೆಗೆ ಅದೇ ಹಳ್ಳಿಯ ಹೆಂಗಸರ ಶೋಭಾನದ ಧಾಟಿಯನ್ನೂ ತೆಗೆದುಕೊಂಡರೆಂದು ಆಮೇಲೆ ತಿಳಿಯಿತು. ಶಾಂತಲೆಯ ನೃತ್ಯಕ್ಕೆ ಯಾವ ರಾಗವನ್ನು ಇಟ್ಟರೆಂದು ನಾನು ಕೇಳಲಿಲ್ಲ.

ಕಾಗದದ ಪುಸ್ತಕದ ಪಡಿಯಚ್ಚನ್ನು ಅಂದೇ ಮಾಡಿಕೊಂಡು ಬಂದೆವು. ಎರಡನೆಯ ಕಡತ ಅಟ್ಟದ ಹಿಂಗೋಡೆಗೆ ಸೇರಿಕೊಂಡಿದೆ. ಕಾಯಿಗಳ ಮೇಲೆ ನಡೆದು ಅದನ್ನು ತೆಗೆಯುವಂತಿಲ್ಲ. ಕೊಬ್ಬರಿ ಇಳಿಸಿ ಮಾರುಕಟ್ಟೆಗೆ ಸಾಗಿಸಿದ ಮೇಲೆ ಹೇಳಿಕಳುಹಿಸುತ್ತೇವೆಂದು ಮನೆಯವರು ಮಾತು ಕೊಟ್ಟಿದ್ದಾರೆ.